ಮೂಡಲಗಿಯ ಎರಡು ಮೀಟರ್ ಕೇಬಲ್

ಹುಕ್ಕೇರಿಯಲ್ಲಿ ತೆಗೆದ ಎದೆಯ ಎಕ್ಸರೇ ಗೋಕಾಕದ ಡಾಕ್ಟರ ಕಂಪ್ಯೂಟರಿಗೆ ಬರಲು ನಾಲ್ಕು ಸೆಕೆಂಡು ಸಾಕು. ಮೂಡಲಗಿಯದು ಬರಲು ಹದಿನಾಲ್ಕು ನಿಮಿಷ. ಎರಡೂ ಊರಿನಲ್ಲಿ ಯಂತ್ರ ಒಂದೇ ಕಂಪನಿಯದು, ಒಂದೇ ದಿನ ಒಂದೇ ಲಾರಿಯಲ್ಲಿ ಬಂದದ್ದು. ಎದೆಗಳಲ್ಲಿಯೂ ಅಂಥ ವ್ಯತ್ಯಾಸವಿರಲಿಲ್ಲ.

ಎಕ್ಸರೇ ಸೆಂಟರಿನ ವ್ಯವಸ್ಥೆ ಸರಳವಾಗಿತ್ತು. ಗೋಕಾಕದಲ್ಲಿ ಮುಖ್ಯ ಕಚೇರಿ, ಮೂಡಲಗಿಯಲ್ಲಿ ಒಂದು ಶಾಖೆ, ಹುಕ್ಕೇರಿಯಲ್ಲಿ ಒಂದು. ಚಿತ್ರ ಅಲ್ಲಲ್ಲೇ ತೆಗೆಯುವುದು, ಗೋಕಾಕದಲ್ಲಿ ಕುಳಿತ ಡಾಕ್ಟರು ನೋಡಿ ಬರೆಯುವುದು, ಬರೆದ ಕಾಗದ ಮತ್ತೆ ಅಲ್ಲಲ್ಲೇ ಹೊರಬರುವುದು. ಎಕ್ಸರೇ ಎಂಬ ಶಬ್ದ ಬೋರ್ಡಿನ ಮೇಲೆ ಮಾತ್ರ ಇತ್ತು. ಜನರಿಗೆ ಅದು ಫೋಟೋ. ಮಸಗುಪ್ಪಿಯಿಂದ ಕೆಮ್ಮುತ್ತ ಬಂದವರು, ಫೋಟೋ ತೆಗೆಸಿಕೊಂಡು, ಫೋಟೋ ಗೋಕಾಕಕ್ಕೆ ಹೋಗಿ ಮುಟ್ಟುವವರೆಗೆ ಬೆಂಚಿನ ಮೇಲೆ ಕುಳಿತು, ತಮ್ಮ ಎದೆ ಈಗ ಎಲ್ಲಿಯತನಕ ಹೋಗಿರಬಹುದು ಎಂದು ಲೆಕ್ಕ ಹಾಕುತ್ತಿದ್ದರು.

ಸೋಮವಾರ ಮ್ಯಾನೇಜರ್ ಲಕ್ಷ್ಮಣ ಅವರು ದಾನೇಶ್ವರಿಯನ್ನು ಕರೆದರು. ದಾನೇಶ್ವರಿ ಕೊಣ್ಣೂರಿನವಳು, ಮೂರೂ ಕಡೆಯ ಕಂಪ್ಯೂಟರು ಮತ್ತು ಅವುಗಳ ನಡುವಿನ ವಾಯರುಗಳನ್ನು ನೋಡಿಕೊಳ್ಳುವವಳು. ಲಕ್ಷ್ಮಣರಿಗೆ ಹುಕ್ಕೇರಿಯ ಹೆಸರು ಹೇಳದೆ ಒಂದು ವಾಕ್ಯ ಮುಗಿಸುವುದು ಇತ್ತೀಚೆಗೆ ಕಷ್ಟವಾಗಿತ್ತು.

"ಹುಕ್ಕೇರಿ ನೋಡ್ರಿ," ಎಂದರು. "ಒಂದ್ ದಿನಾನೂ ಗದ್ಲ ಇಲ್ಲ. ಮೂಡಲಗಿ ಫೋಟೋ ಬರೂದ್ರಾಗ ಡಾಕ್ಟರು ಊಟಾ ಮಾಡಿ ಕೈ ತೊಳಕೊಂಡ್ ಬರ್ತಾರ. ಬಸ್ಸಿಗೆ ಕೊಟ್ಟು ಕಳಸಿದ್ರ ಕಂಡಕ್ಟರ ಲಗೂ ಮುಟ್ಟಸತಾನ."

"ನೋಡಾಕತ್ತೇನ್ರಿ ಸರ್."

"ನೋಡೂದ್ ಬಿಡ್ರಿ. ಆ ಲೈನ್ ಉಪಯೋಗಿಲ್ಲ ಅಂತ ಶನಿವಾರಕ್ಕ ಒಂದ್ ರಿಪೋರ್ಟ್ ಬರದು ಸಹಿ ಮಾಡಿ ಕೊಡ್ರಿ. ಹುಕ್ಕೇರಿ ಲೈನಿನವರನ್ನ ಮೂಡಲಗಿಗೂ ಕರಸೂಣು. ನೀವು ಬರದ್ರ ಕಮಿಟಿಯವರು ಮರುಮಾತಾಡೂದಿಲ್ಲ."

ಸೆಂಟರಿನಲ್ಲಿ ಅವಳ ಸಹಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು. ಬರಬಾರದ ಜಾಗದಲ್ಲಿ ಬಂದಿತ್ತು. ಯಾಕೆಂದರೆ ಮೂಡಲಗಿಯ ಇಂಟರ್ನೆಟ್ ಲೈನು ಸತ್ಯಪ್ಪ ಕಾಕಾನದು.

ಸತ್ಯಪ್ಪ ಮೊದಲು ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದವನು. ಅಲ್ಲಿಂದ ಹೊರಬಂದ ಮೇಲೆ ಮೂಡಲಗಿಯಲ್ಲಿ ಟಿವಿ ಕೇಬಲ್ ಎಳೆದ. ಟಿವಿಯ ಕಾಲ ಇಳಿದಾಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಎಳೆದ. ಊರಿನ ಅರ್ಧ ಮಂದಿ ದೊಡ್ಡ ಕಂಪನಿಗಳ ಕಡೆ ಹೋಗಿ ಆಗಿತ್ತು. ದೊಡ್ಡ ಗಿರಾಕಿ ಎಂದು ಉಳಿದದ್ದು ಈ ಸೆಂಟರು ಒಂದೇ. ದಾನೇಶ್ವರಿ ಡಿಪ್ಲೊಮಾ ಮುಗಿಸಿ ಎರಡು ವರ್ಷ ಅವನ ಕೈಕೆಳಗೆ ಕೆಲಸ ಕಲಿತಿದ್ದಳು. ವಾಯರಿನ ತುದಿಗೆ ಪಿನ್ನು ಕೂಡಿಸುವುದು, ಏಣಿಯ ಮೇಲೆ ನಿಂತು ಕೆಳಗೆ ನೋಡದೆ ಇರುವುದು, ಗಿರಾಕಿಯ ಮನೆಯಲ್ಲಿ ಚಹಾ ಬಂದರೆ ಬೇಡ ಎನ್ನದಿರುವುದು, ಎಲ್ಲ ಅಲ್ಲೇ ಕಲಿತದ್ದು. ಬಿಟ್ಟು ಬರುವ ದಿನ ಅವನು ತನ್ನ ಪಿನ್ನು ಒತ್ತುವ ಇಕ್ಕಳವನ್ನು ಅವಳ ಚೀಲದಲ್ಲಿ ಹಾಕಿದ್ದ. ಅದು ಈಗಲೂ ಚೀಲದಲ್ಲೇ ಇದೆ.

ದೋಷ ಎಲ್ಲಿದೆ ಎಂಬುದನ್ನು ದಾನೇಶ್ವರಿ ಸೋಮವಾರ ಸಂಜೆಯೇ ಕಂಡುಹಿಡಿದಳು. ಅದು ಮೂವತ್ತು ಕಿಲೋಮೀಟರಿನ ದಾರಿಯಲ್ಲಿ ಇರಲಿಲ್ಲ, ಕೊನೆಯ ಎರಡು ಮೀಟರಿನಲ್ಲಿತ್ತು. ಮೂಡಲಗಿಯ ಸೆಂಟರಿನ ಮೆಟ್ಟಿಲ ಗೋಡೆಯ ಮೇಲೆ, ತಗಡಿನ ಮರೆಯ ಕೆಳಗೆ, ಸತ್ಯಪ್ಪನ ಪೆಟ್ಟಿಗೆ. ಅದರಿಂದ ಒಂದು ನೀಲಿ ಕೇಬಲ್ ಗೋಡೆಯ ತೂತಿನಲ್ಲಿ ಹಾದು, ಒಳಗಿನ ಕಪಾಟಿನಲ್ಲಿದ್ದ ದಾನೇಶ್ವರಿಯ ಸ್ವಿಚ್ಚಿಗೆ ಬರುತ್ತದೆ. ಸ್ವಿಚ್ಚು ಎಂದರೆ ದೀಪ ಹಚ್ಚುವುದಲ್ಲ. ಹತ್ತಾರು ವಾಯರುಗಳನ್ನು ಸಿಕ್ಕಿಸಿಕೊಂಡು, ಒಂದರಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವ ಚಪ್ಪಟೆ ಡಬ್ಬಿ. ವಾಯರು ಸಿಕ್ಕಿಸುವ ಒಂದೊಂದು ಕಿಂಡಿಗೂ ಪೋರ್ಟ್ ಎಂದು ಹೆಸರು.

ಇಂಥ ಎರಡು ಡಬ್ಬಿಗಳನ್ನು ಕೂಡಿಸಿದಾಗ ಅವು ಮೊದಲು ತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ನಾನು ಇಷ್ಟು ವೇಗ ಓಡಬಲ್ಲೆ, ನೀನು ಎಷ್ಟು? ನಾನು ಹೇಳುತ್ತಲೇ ಕೇಳಬಲ್ಲೆ, ನಿನಗೂ ಆಗುತ್ತದೆಯೆ? ಇಬ್ಬರಿಗೂ ಆಗುವುದನ್ನು ಗೊತ್ತುಮಾಡಿಕೊಂಡು ಕೆಲಸಕ್ಕೆ ತೊಡಗುತ್ತವೆ. ಇದಕ್ಕೆ ಆಟೋ ಎನ್ನುತ್ತಾರೆ. ಬೇಡವೆಂದರೆ ಕೈಯಿಂದ ಬಿಗಿದು ಇಡಬಹುದು: ವೇಗ ನೂರು, ಹೇಳುವುದು ಕೇಳುವುದು ಕೂಡಿಯೇ, ಅಂದರೆ ಫುಲ್. ಬಿಗಿದ ಡಬ್ಬಿ ಯಾರೊಡನೆಯೂ ಮಾತಾಡುವುದಿಲ್ಲ, ನೇರ ಕೆಲಸಕ್ಕೆ ಇಳಿಯುತ್ತದೆ. ಎರಡೂ ಕಡೆ ಬಿಗಿದರೆ ಸರಿ. ಎರಡೂ ಕಡೆ ಆಟೋ ಇದ್ದರೂ ಸರಿ. ಒಂದು ಕಡೆ ಬಿಗಿದು ಇನ್ನೊಂದು ಕಡೆ ಆಟೋ ಬಿಟ್ಟರೆ ಆಟೋ ಇದ್ದದ್ದು ಕೇಳುತ್ತದೆ, ಕೇಳುತ್ತದೆ, ಉತ್ತರ ಬರುವುದಿಲ್ಲ. ಆಗ ಅದು ಎದುರಿನವನಿಗೆ ಅಷ್ಟಾಗಿ ತಿಳಿಯಲಿಕ್ಕಿಲ್ಲ ಎಂದುಕೊಂಡು ಅತಿ ವಿನಯದ ದಾರಿ ಹಿಡಿಯುತ್ತದೆ: ಅವನು ಹೇಳುವಾಗ ನಾನು ಸುಮ್ಮನಿರುವುದು, ಅವನು ನಿಲ್ಲಿಸಿದಾಗ ನಾನು ಹೇಳುವುದು. ಎದುರಿನವನಾದರೋ ನಿಲ್ಲಿಸುವುದೇ ಇಲ್ಲ. ಚೂರುಪಾರು ಮಾತು ಹೇಗೋ ದಾಟುತ್ತದೆ. ಹೆಸರು, ವಯಸ್ಸು, ಊರು. ಎದೆಯಷ್ಟು ದೊಡ್ಡದು ಬಂದಾಗ ನಡುದಾರಿಯಲ್ಲಿ ಡಿಕ್ಕಿ.

ಎರಡೂ ಡಬ್ಬಿಗಳ ಮೇಲೆ ಹಸಿರು ದೀಪ ಮಾತ್ರ ಚೆನ್ನಾಗಿ ಉರಿಯುತ್ತಿತ್ತು. ದಾನೇಶ್ವರಿಯ ಸ್ವಿಚ್ಚು ಆಟೋ ಇತ್ತು, ಡಿಕ್ಕಿಗಳನ್ನು ಎಣಿಸುತ್ತ ಕುಳಿತಿತ್ತು. ಲೆಕ್ಕ ಲಕ್ಷ ದಾಟಿತ್ತು. ಹಾಗಾದರೆ ಕಾಕಾನ ಕಡೆ ಬಿಗಿದದ್ದೇ ಖರೆ.

ಅವನು ಬಿಗಿಯದೆ ಬಿಡುವವನೂ ಅಲ್ಲ. ಮಿಲ್ಲಿನಲ್ಲಿ ಒಂದೊಂದು ಯಂತ್ರದ ಹಣೆಗೂ ತಗಡಿನ ಪಟ್ಟಿ ಹೊಡೆದು, ಓಡಬೇಕಾದ ವೇಗವನ್ನು ಬಿಳಿ ಬಣ್ಣದಲ್ಲಿ ಬರೆದಿರುತ್ತಿದ್ದರಂತೆ. ಆ ರೂಢಿ ಅವನ ಜೊತೆ ಮೂಡಲಗಿಗೆ ಬಂದಿತ್ತು. ಎಣ್ಣೆ ಕ್ಯಾನನ್ನು ಕತ್ತರಿಸಿ ಸಣ್ಣ ಚೀಟಿ ಮಾಡಿ, ಪ್ರತಿ ಕೇಬಲ್ಲಿಗೂ ಹತ್ತಿಯ ದಾರದಿಂದ ಕಟ್ಟಿ, ಮೇಲೆ ವೇಗ ಬರೆಯುತ್ತಿದ್ದ. ಹಿಂದಿನ ಕಾಲದ ಅಗ್ಗದ ಡಬ್ಬಿಗಳು ಆಟೋ ಬಿಟ್ಟರೆ ನೂರರಿಂದ ಹತ್ತಕ್ಕೆ ಇಳಿದು ಮಲಗುತ್ತಿದ್ದವು. ಆ ಸಿಟ್ಟೂ ಇತ್ತು. "ಮಶೀನು ತನ್ನ ಪಗಾರ ತಾನ ಗೊತ್ತ ಮಾಡಿಕೋತೇನಂದ್ರ ನಾವ್ಯಾಕ ಇರಬೇಕು?" ಎಂದು ಅವಳಿಗೆ ಹೇಳಿಕೊಟ್ಟವನು ಅವನೇ.

ಅಂಥವನಿಗೆ ಈಗ ಅವಳು ಹೋಗಿ ಕಾಕಾ, ನೀವು ಬಿಗಿದದ್ದೇ ತಪ್ಪು ಎನ್ನಬೇಕು. ಆ ಭಾಗದಲ್ಲಿ ಇಂಥ ಮಾತನ್ನು ನೇರವಾಗಿ ಆಡುವ ಪದ್ಧತಿ ಇಲ್ಲ. ನಡುವೆ ಒಬ್ಬರು ಬೇಕು. ಮಂಗಳವಾರ ಅವಳು ಸೋಮಲಿಂಗನಿಗೆ ಫೋನ್ ಮಾಡಿದಳು. ಸೋಮಲಿಂಗ ಮೂಡಲಗಿಯಲ್ಲಿ ಫೋಟೋ ತೆಗೆಯುವವನು, ಉಸಿರು ಹಿಡೀರಿ, ಬಿಡ್ರಿ ಎಂಬುದನ್ನು ಕೂಡ ಬೇಡಿಕೊಳ್ಳುವಂತೆ ಹೇಳುವವನು.

"ಸೋಮಲಿಂಗಣ್ಣ, ಸತ್ಯಪ್ಪ ಕಾಕಾಗ ಒಂದ್ ಮಾತು ಕೇಳ್ರಿ. ಅವರ ಪೆಟ್ಟಿಗ್ಯಾಗ ನಮ್ಮ ಪೋರ್ಟ್ ಬಿಗದ ಇಟ್ಟಾರೇನು, ಆಟೋ ಬಿಟ್ಟಾರೇನು ಅಂತ. ಅಷ್ಟ."

"ಅಷ್ಟ ಹೌದಲ್ರಿ? ಕೇಳತೇನಿ."

ಸೋಮಲಿಂಗ ಚಹಾದ ಅಂಗಡಿಯಲ್ಲಿ ಸತ್ಯಪ್ಪನನ್ನು ಕಂಡ. ಬರುವ ದಾರಿಯಲ್ಲಿ ಮಾತನ್ನು ಎರಡು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ. ಎರಡೂ ಸಲ ಅದು ಜಗಳದ ಹಾಗೆ ಕೇಳಿಸಿತ್ತು.

"ದಾನೇಶ್ವರಿ ನಿಮ್ಮನ್ನ ಭಾಳ ನೆನಸಿದ್ಳರಿ ಕಾಕಾ," ಎಂದ. "ಆರಾಮ ಅದಾರಿಲ್ಲೋ ಕೇಳ್ರಿ ಅಂದ್ಳು."

ಸತ್ಯಪ್ಪನ ಮುಖ ಅರಳಿತು. "ಆರಾಮ ಅದೇನಿ ಅಂತ ಹೇಳಪಾ. ಮಂಡಿ ಒಂದೀಟ ನೋಯತೈತಿ. ಏಣಿ ಹತ್ತಾಕ ಆಗವಲ್ದು."

ಉತ್ತರ ಗೋಕಾಕಕ್ಕೆ ಬಂತು.

"ಎಲ್ಲಾ ಆರಾಮ ಐತಂತರಿ."

"ಆರಾಮ ಅಂದ್ರ? ಬಿಗದಾರೋ ಬಿಟ್ಟಾರೋ?"

"ಆರಾಮ ಅಂದ್ರ ಆರಾಮರಿ. ಮಂಡಿ ಒಂದ ನೋವಂತ."

ಬುಧವಾರ ಬೆಳಿಗ್ಗೆ ಅವಳು ಧೈರ್ಯ ಮಾಡಿ ತಾನೇ ಫೋನ್ ಮಾಡಿದಳು. ಅತ್ತ ಕಡೆಯಿಂದ ಸತ್ಯಪ್ಪ, "ಮಗಳ, ಮಂಡಿ ಕೇಳಾಕ ಫೋನ್ ಮಾಡಿದೇನ?" ಎಂದ. ಅವಳು "ಹೂಂ ಕಾಕಾ" ಎಂದಳು. ಹತ್ತು ನಿಮಿಷ ಮಂಡಿಯ ಬಗ್ಗೆ ಮಾತಾಯಿತು. ಎಣ್ಣೆ ಹಚ್ಚುವುದರ ಬಗ್ಗೆ ಮಾತಾಯಿತು. ಅವನ ಹೆಂಡತಿ ಗೌರಕ್ಕ ನಡುವೆ ಫೋನು ಕಸಿದುಕೊಂಡು, ಯಾವಾಗ ಬರ್ತಿ, ಶೇಂಗಾ ಹೋಳಿಗಿ ಮಾಡೀನಿ ಎಂದಳು. ಪೋರ್ಟಿನ ಮಾತು ಬರಲಿಲ್ಲ.

ಹುಕ್ಕೇರಿಯ ಗುಟ್ಟಾದರೂ ತಿಳಿಯಲಿ ಎಂದು ಅವಳು ಅಲ್ಲಿ ಫೋಟೋ ತೆಗೆಯುವ ಮಾಲಿಂಗನಿಗೆ ಫೋನ್ ಹಚ್ಚಿದಳು.

"ಮಾಲಿಂಗಣ್ಣ, ನಿಮ್ಮ ಕಡೆ ಪೋರ್ಟಿನ ಸೆಟ್ಟಿಂಗ್ ಯಾರ ಮಾಡ್ಯಾರ?"

"ಅದಕ್ಕ ಸೆಟ್ಟಿಂಗ್ ಬ್ಯಾರೆ ಇರ್ತೈತೇನ್ರಿ ಅಕ್ಕಾರ? ರಟ್ಟಿನ ಪೆಟ್ಟಿಗ್ಯಾಗಿಂದ ತಗದು ಇಟ್ಟೇವಿ. ಆಮ್ಯಾಲ ಧೂಳ ಒರಸೇನಿ, ಅಷ್ಟ."

ಲೈನಿನವರೂ ಏನೂ ಮಾಡಿರಲಿಲ್ಲ, ಮಾಲಿಂಗನೂ ಏನೂ ಮಾಡಿರಲಿಲ್ಲ. ಮ್ಯಾನೇಜರರು ದಿನಕ್ಕೆ ಮೂರು ಸಲ ಹೊಗಳುತ್ತಿದ್ದ ಹುಕ್ಕೇರಿಯ ಸಾಧನೆ ಅದೇ.

ಅದೇ ದಿನ ಸಂಜೆ, ರಿಪೋರ್ಟಿನ ಸುದ್ದಿ ಗೋಕಾಕದಿಂದ ಕಿವಿಗೆ ಬಿದ್ದಿದ್ದ ಸೋಮಲಿಂಗನಿಗೆ ತಡೆಯಲಾಗಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, ಸತ್ಯಪ್ಪನ ಮುಖ ನೋಡದೆ, ರಸ್ತೆಯ ಕಡೆ ನೋಡುತ್ತ ಹೇಳಿದ. "ಕಾಕಾ, ಶನಿವಾರ ಆಕಿ ರಿಪೋರ್ಟ್ ಬರದು ಕೊಡಬೇಕಂತರಿ. ನಿಮ್ಮ ಲೈನ್ ತಗದು ಹುಕ್ಕೇರಿಯವರದು ಹಾಕಸ್ತಾರಂತ. ಆಕಿಗಿ ಬರಿಯಾಕ ಕೈ ಬರವಲ್ದು."

ಸತ್ಯಪ್ಪ ತನ್ನ ಬಟ್ಟಲನ್ನೂ ಕೆಳಗಿಟ್ಟ.

"ನನ್ನ ಪೆಟ್ಟಿಗಿ ಬಗ್ಗೆ ಏನರೆ ಅಂದ್ಳೇನು?"

"ಬಿಗದಾರೋ ಆಟೋ ಐತೋ ಕೇಳ್ರಿ ಅಂದಿದ್ಳು. ನಾನ ಕೇಳಲಿಲ್ಲ."

"ಯಾಕ ಕೇಳಲಿಲ್ಲಪಾ?"

"ನಿಮಗ ಹೆಂಗ ಕೇಳೂದರಿ?"

ಕೇಳದೆ ಉಳಿದ ಆ ಪ್ರಶ್ನೆಯಿಂದಲೇ ಸತ್ಯಪ್ಪನಿಗೆ ಪೂರ್ತಿ ವಿಷಯ ತಿಳಿಯಿತು. ಹುಡುಗಿ ಆಟೋ ಇಟ್ಟುಕೊಂಡು ಕುಳಿತಿದ್ದಾಳೆ. ತನ್ನದು ಬಿಗಿದಿದೆ. ಹೇಳಲಾರದೆ ಒದ್ದಾಡುತ್ತಿದ್ದಾಳೆ. ಫೋನ್ ಮಾಡಿ ಮಾತಾಡೋಣವೆಂದರೆ, ಅವಳ ಬಾಯಿಂದ ಆ ಮಾತು ಹೊರಡಿಸಿದಂತಾಗುತ್ತದೆ. ಸುಮ್ಮನೆ ಹೋಗಿ ಬದಲಿಸಿಬಿಟ್ಟರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ದಾನೇಶ್ವರಿಯೂ ಅಂದು ಸಂಜೆ ಬಸ್ಸಿನಲ್ಲಿ ಕೊಣ್ಣೂರಿಗೆ ಹೋಗುತ್ತ ಇದನ್ನೇ ಯೋಚಿಸಿದಳು. ಕಾಕಾ ಬಿಗಿದಿದ್ದಾರೆ. ಇರಲಿ. ಅವರು ಬಿಗಿದ ಲೆಕ್ಕಕ್ಕೇ ತನ್ನದನ್ನೂ ಬಿಗಿದರೆ ಮುಗಿಯಿತಲ್ಲ. ಹಿರಿಯರು ಒಂದು ಕಡೆ ಕುಳಿತರೆ ಚಾಪೆಯನ್ನು ಅತ್ತ ಸರಿಸಿದರಾಯಿತು. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಗುರುವಾರ ಅಮಾವಾಸ್ಯೆ. ಸೆಂಟರು ಅರ್ಧ ದಿನ ಮಾತ್ರ. ಅಮಾವಾಸ್ಯೆಯ ದಿನ ಫೋಟೋ ತೆಗೆಸಲು ಬರುವವರೂ ಕಡಿಮೆ. ಹನ್ನೆರಡಕ್ಕೆ ಸೋಮಲಿಂಗ ಬಾಗಿಲು ಹಾಕಿಕೊಂಡು ಮನೆಗೆ ಹೋದ. ಹನ್ನೆರಡೂವರೆಗೆ ಸತ್ಯಪ್ಪ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಕೀಲಿ ತೆಗೆದು, ಲ್ಯಾಪ್‌ಟಾಪು ಹಚ್ಚಿ, ಆ ಪೋರ್ಟನ್ನು ಆಟೋ ಮಾಡಿದ. ಇಪ್ಪತ್ತು ವರ್ಷಗಳಲ್ಲಿ ಅವನು ಸ್ವಂತ ಕೈಯಿಂದ ಆಟೋ ಮಾಡಿದ ಮೊದಲ ಪೋರ್ಟು ಅದು. ಚೀಟಿಯ ಮೇಲಿನ '೧೦೦ ಫುಲ್' ಎಂಬುದನ್ನು ಒಮ್ಮೆ ನೋಡಿ, ಇರಲಿ ಎಂದು ಬಿಟ್ಟು, ಕೀಲಿ ಹಾಕಿದ.

ಎರಡೂ ಡಬ್ಬಿಗಳು ಮಾತಾಡಿಕೊಂಡವು, ಒಪ್ಪಿಕೊಂಡವು. ಮುಂದಿನ ಎರಡೂವರೆ ತಾಸು ಮೂಡಲಗಿಯ ಲೈನು ಹುಕ್ಕೇರಿಗೆ ಸರಿಸಮನಾಗಿ ಓಡಿತು. ದಾಟಿಸಲು ಒಂದು ಎದೆಯೂ ಇರಲಿಲ್ಲ, ನೋಡಲು ಯಾರೂ ಇರಲಿಲ್ಲ.

ಮೂರು ಗಂಟೆ ಹತ್ತು ನಿಮಿಷಕ್ಕೆ ದಾನೇಶ್ವರಿ ಕೊಣ್ಣೂರಿನ ಮನೆಯಲ್ಲಿ, ಹೋಳಿಗೆ ಉಂಡ ಕೈ ತೊಳೆದು, ಮೊಣಕಾಲ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ದೂರದಿಂದಲೇ ಮೂಡಲಗಿಯ ಸ್ವಿಚ್ಚಿನೊಳಗೆ ಹೋದಳು. ಯಾವ ಆದೇಶದ ಸಾಲು ಬರೆಯಬೇಕೆಂಬುದು ಮೊದಲೇ ಗೊತ್ತಿತ್ತು. 'ಮೊದಲ ನೋಡು, ಆಮ್ಯಾಲ ಮುಟ್ಟು' ಎಂದು ಎರಡು ವರ್ಷ ದಿನಾಲೂ ಹೇಳಿಸಿಕೊಂಡಿದ್ದಳು. ಅಂದು ನೋಡಲಿಲ್ಲ. ನೋಡಿದ್ದರೆ ಆ ಪೋರ್ಟು ಆಗಲೇ ಸರಿಯಾಗಿರುವುದು ಕಾಣುತ್ತಿತ್ತು. ವೇಗ ನೂರು, ಹೇಳುವುದು ಕೇಳುವುದು ಕೂಡಿಯೇ ಎಂದು ಬಿಗಿದು, ಉಳಿಸಿ, ಮುಚ್ಚಿದಳು.

ಅವನು ಕದಲದೆ ಇದ್ದಿದ್ದರೆ ಅವಳು ಮಾಡಿದ್ದು ಸರಿ. ಅವಳು ಕದಲದೆ ಇದ್ದಿದ್ದರೆ ಅವನು ಮಾಡಿದ್ದು ಸರಿ. ಈಗ ಅವನದು ಆಟೋ, ಅವಳದು ಬಿಗಿದದ್ದು. ಸತ್ಯಪ್ಪನ ಪೆಟ್ಟಿಗೆ ಕೇಳಿತು, ಕೇಳಿತು, ಉತ್ತರ ಬರಲಿಲ್ಲ.

ಶುಕ್ರವಾರ ಮೊದಲ ಫೋಟೋ ಹದಿಮೂರುವರೆ ನಿಮಿಷ ತೆಗೆದುಕೊಂಡಿತು. "ಅರ್ಧ ನಿಮಿಷ ಸುಧಾರಣೆ ಆತು," ಎಂದರು ಲಕ್ಷ್ಮಣ. ಅವರು ವ್ಯಂಗ್ಯವಾಡಿದ್ದೋ ಹೊಗಳಿದ್ದೋ ಯಾರಿಗೂ ತಿಳಿಯಲಿಲ್ಲ. "ನಾಳೆ ರಿಪೋರ್ಟ್ ಬರಲಿ."

ದಾನೇಶ್ವರಿ ಈ ಸಲ ನೋಡಿದಳು. ಡಿಕ್ಕಿಗಳ ಲೆಕ್ಕ ನಿಂತುಬಿಟ್ಟಿತ್ತು, ಒಂದೂ ಹೆಚ್ಚಾಗಿರಲಿಲ್ಲ. ಅದರ ಬದಲು ಇನ್ನೊಂದು ಲೆಕ್ಕ ಏರತೊಡಗಿತ್ತು, ಅರ್ಧಕ್ಕೆ ಮುರಿದು ಬಂದ ತುಂಡುಗಳದು. ಡಿಕ್ಕಿ ಕಾಣುವುದು ಸುಮ್ಮನಿದ್ದು ಕೇಳುವವನ ಕಡೆ. ಮುರಿದ ತುಂಡು ಕಾಣುವುದು ನಿಲ್ಲಿಸದೆ ಹೇಳುವವನ ಕಡೆ. ರೋಗ ಅದೇ ಇತ್ತು, ಮಗ್ಗುಲು ಬದಲಿಸಿತ್ತು. ಸ್ವಿಚ್ಚಿನ ದಿನಚರಿ ತೆಗೆದು ಓದಿದಳು. ಗುರುವಾರ ಹನ್ನೆರಡು ನಲವತ್ತೊಂದಕ್ಕೆ ಪೋರ್ಟು ಒಮ್ಮೆ ಬಿದ್ದು ಎದ್ದಿತ್ತು. ಅದು ಅವಳು ಮಾಡಿದ್ದಲ್ಲ, ಆಚೆಯ ಪೆಟ್ಟಿಗೆಯಲ್ಲಿ ಕಾಕಾ ಮಾಡಿದ್ದು. ಮೂರು ಹತ್ತಕ್ಕೆ ಮತ್ತೊಮ್ಮೆ ಬಿದ್ದು ಎದ್ದಿತ್ತು. ಅದು ಅವಳದೇ.

ಮೊದಲು ನಗು ಬಂತು. ಆಮೇಲೆ ಮಂಡಿ ನೋವಿಟ್ಟುಕೊಂಡು ಅವನು ಹತ್ತಿದ ಹದಿನೆಂಟು ಮೆಟ್ಟಿಲು ನೆನಪಾಗಿ ನಗು ನಿಂತಿತು.

ಕುಳಿತಲ್ಲಿಯೇ ಒಂದು ಸಾಲು ಬರೆದು ತನ್ನದನ್ನು ಮತ್ತೆ ಆಟೋ ಮಾಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಬೆರಳು ಕೀಲಿಮಣೆಯ ತನಕ ಹೋಯಿತು. ಆದರೆ ಶುಕ್ರವಾರವೂ ಫೋಟೋ ತಡವಾಯಿತೆಂದು ಸೋಮಲಿಂಗ ಇಷ್ಟು ಹೊತ್ತಿಗೆ ಅಲ್ಲಿ ಕಾಕಾನಿಗೆ ಹೇಳಿರುತ್ತಾನೆ. ಆಟೋ ಮಾಡಿದ್ದರಿಂದ ಏನೂ ಆಗಲಿಲ್ಲ ಎಂದುಕೊಂಡು ಕಾಕಾ ಮತ್ತೆ ಬಿಗಿಯಲು ಹೊರಟಿದ್ದರೆ? ಇವಳು ಸಡಿಲಿಸುವ ಹೊತ್ತಿಗೇ ಅವನು ಬಿಗಿದರೆ ಮತ್ತೆ ಮೊದಲಿನ ಜಾಗ. ಹೀಗೆ ಒಬ್ಬರ ಮೇಲೊಬ್ಬರು ಗೌರವ ತೋರಿಸುತ್ತ ಹೋದರೆ ಶನಿವಾರ ಏನು, ಯುಗಾದಿ ಬಂದರೂ ಮುಗಿಯುವುದಿಲ್ಲ.

ಫೋನ್ ಮಾಡಿದರೆ ಮತ್ತೆ ಮಂಡಿಯ ಮಾತೇ ಆದೀತೆಂದು, ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಮೂಡಲಗಿಗೆ ಹೋದಳು. ಲಕ್ಷ್ಮಣರು ಟೈಪು ಮಾಡಿಸಿ ಕೊಟ್ಟಿದ್ದ ರಿಪೋರ್ಟು ಚೀಲದಲ್ಲಿತ್ತು. ಸಹಿಯ ಜಾಗ ಮಾತ್ರ ಖಾಲಿ.

ಸೆಂಟರಿನ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕುಳಿತಿದ್ದಳು. ಮಸಗುಪ್ಪಿಯ ಶೆಟ್ಟೆವ್ವ, ಫೋಟೋ ತೆಗೆಸಿ ಆಗಿತ್ತು, ಅದು ಹೋಗಿ ಮುಟ್ಟಲಿ ಎಂದು ಗಾಳಿಗೆ ಹೊರಗೆ ಬಂದು ಕುಳಿತವಳು. ಅವಳಿಗಿಂತ ಎರಡು ಮೆಟ್ಟಿಲು ಮೇಲೆ, ಸ್ಟೂಲಿನ ಮೇಲೆ, ನೋಯುವ ಕಾಲನ್ನು ಮುಂದೆ ಚಾಚಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಸತ್ಯಪ್ಪ ಕುಳಿತಿದ್ದ. ಪೆಟ್ಟಿಗೆಯ ಬಾಗಿಲು ತೆರೆದಿತ್ತು. ತೋರುಬೆರಳು ಎತ್ತಿದ್ದ.

"ಕಾಕಾ, ಕೈ ತಗೀರಿ."

ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಎರಡು ವರ್ಷ ಕೈಕೆಳಗೆ ಇದ್ದಾಗ, ಆಮೇಲೆ ನಾಲ್ಕು ವರ್ಷ ದೂರ ಇದ್ದಾಗ, ಒಮ್ಮೆಯೂ ಹಾಗೆ ಮಾತಾಡಿರಲಿಲ್ಲ. ಒಳಗೆ ಬಾಗಿಲಲ್ಲಿ ನಿಂತಿದ್ದ ಸೋಮಲಿಂಗ, ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಮತ್ತೊಮ್ಮೆ ಹೇಳಲೇ ಎಂಬಂತೆ ಬಾಯಿ ತೆರೆದು, ಮುಚ್ಚಿದ.

ಸತ್ಯಪ್ಪ ಕೈ ತೆಗೆದ. "ಯಾಕ ಮಗಳ?"

"ನೀವು ಗುರುವಾರ ಆಟೋ ಮಾಡೀರಿ ಹೌದಿಲ್ಲೋ?"

"ನಿಂಗ ಹೆಂಗ ಗೊತ್ತಾತು?"

"ಬರದೈತಿ. ಹನ್ನೆರಡು ನಲವತ್ತೊಂದಕ್ಕ. ನೀವು ಮಾಡಿದ ಮ್ಯಾಲ ನಾ ಬಿಗದೇನಿ. ನೀವು ಬಿಗದೀರಿ ಅಂತ ತಿಳಕೊಂಡು ಬಿಗದೇನಿ. ನೋಡಲಿಲ್ಲ."

"ನೋಡಲಿಲ್ಲ?"

"ಇಲ್ಲರಿ."

ಸತ್ಯಪ್ಪ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ತಾನು ಕಲಿಸಿದ್ದು ಎಲ್ಲಿ ಜಾರಿತು ಎಂದು ಹುಡುಕುವ ಮೇಷ್ಟರ ಮುಖ.

"ನಾನೂ ಕೇಳಲಿಲ್ಲಲ," ಎಂದ. "ಆತು ಬಿಡು. ನೀ ಬಿಗದದ್ದು ಹಂಗ ಇರಲಿ. ನಂದು ತಿರುಗಿ ಬಿಗೀತೇನಿ. ಅದಕ್ಕ ಬಂದೇನಿ."

"ಬ್ಯಾಡ ಕಾಕಾ, ನಿಮ್ಮದು ಹಂಗ ಇರಲಿ. ನಾ ಒಳಗ ಹೋಗಿ ಸಡಲ ಮಾಡತೇನಿ."

"ನಿಂಗ್ಯಾಕ ತ್ರಾಸ, ನಾ ಇಲ್ಲೇ ಕುಂತೇನಿ, ಒಂದ್ ಬಟನ್—"

"ನಂದೂ ಒಂದ ಬಟನ್ ಕಾಕಾ—"

ಅವನ ಬೆರಳು ಕೀಲಿಮಣೆಯ ಮೇಲೆ ಬಂತು. ಅವಳು ಒಂದು ಕಾಲು ಹೊಸ್ತಿಲ ಒಳಗೆ ಇಟ್ಟಿದ್ದಳು.

ಕೆಳಗಿನ ಮೆಟ್ಟಿಲಿಂದ ಶೆಟ್ಟೆವ್ವ ತಲೆ ಎತ್ತಿದಳು. ಪೋರ್ಟು ಏನು, ಬಿಗಿಯುವುದು ಏನು ಅವಳಿಗೆ ತಿಳಿದಿರಲಿಲ್ಲ. ಆದರೆ ಎಪ್ಪತ್ತು ವರ್ಷಗಳಲ್ಲಿ ಎಷ್ಟೋ ಬಾಗಿಲುಗಳಲ್ಲಿ ಎಷ್ಟೋ ಮಂದಿ ನೀವ ಮೊದಲ, ನೀವ ಮೊದಲ ಎನ್ನುತ್ತ ದಾರಿ ಕಟ್ಟಿ ನಿಂತದ್ದನ್ನು ನೋಡಿದ್ದಳು.

"ಒಬ್ರ ಸುಮ್ಮ ಕುಂಡ್ರಿ," ಎಂದಳು. "ಇಬ್ರೂ ಒಮ್ಮೆಲೆ ಏಳಾಕ ಹೋದ್ರ ಇಬ್ರ ತಲಿನೂ ಬಡಿತಾವ. ನನ್ನ ಎದಿ ಹಾದ್ಯಾಗ ನಿಂತೈತಿ."

ಅವನ ಬೆರಳೂ ಅವಳ ಕಾಲೂ ಅಲ್ಲೇ ನಿಂತವು.

"ಯಾರ ಕುಂಡ್ರಬೇಕಬೇ?" ಎಂದ ಸತ್ಯಪ್ಪ.

"ಮಂಡಿ ನೋವು ಇದ್ದಾಂವ ಕುಂಡ್ರಬೇಕು. ಅದಕ್ಕೂ ಪಂಚಾಯ್ತಿ ಬೇಕೇನು?"

ಸತ್ಯಪ್ಪ ಲ್ಯಾಪ್‌ಟಾಪನ್ನು ಮಡಿಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕುಳಿತ. ದಾನೇಶ್ವರಿ ಒಳಗೆ ಹೋಗಿ ಕಪಾಟಿನ ಮುಂದೆ ನೆಲದ ಮೇಲೆ ಕುಳಿತಳು. ಮೊದಲು ನೋಡಿದಳು. "ನೋಡಿದೇನ?" ಎಂದು ಗೋಡೆಯ ತೂತಿನಿಂದ ದನಿ ಬಂತು. "ನೋಡಿದ್ನಿ," ಎಂದಳು. ಒಂದು ಸಾಲು ಬರೆದಳು. ಹಸಿರು ದೀಪ ಆರಿತು. ಒಂದು, ಎರಡು, ಮೂರು. ಹತ್ತಿತು. ತೂತಿನ ಆಚೆ ಸತ್ಯಪ್ಪನೂ ತನ್ನ ಪೆಟ್ಟಿಗೆಯ ದೀಪ ನೋಡುತ್ತಿರಬೇಕು, "ಹತ್ತಿತು ನೋಡು," ಎಂದ.

ಅರ್ಧ ದಾರಿಯಲ್ಲಿ ಕಡಿದುಹೋದ ಶೆಟ್ಟೆವ್ವನ ಎದೆಯನ್ನು ಸೋಮಲಿಂಗ ಮತ್ತೆ ಮೊದಲಿಂದ ಕಳಿಸಿದ. ಬಟನ್ ಒತ್ತಿ, ರೂಢಿಯಂತೆ ಚಹಾ ಹೇಳಲು ಏಳುವಷ್ಟರಲ್ಲಿ 'ಮುಟ್ಟಿದೆ' ಎಂದು ಪರದೆಯ ಮೇಲೆ ಬಂತು. ಅವನು ಮತ್ತೆ ಕುಳಿತ. ಹತ್ತು ನಿಮಿಷದಲ್ಲಿ ಡಾಕ್ಟರು ಬರೆದ ಕಾಗದ ಹೊರಬಿತ್ತು. ಎದೆಯಲ್ಲಿ ಭಯಪಡುವಂಥದ್ದು ಏನೂ ಇಲ್ಲ, ಕೆಮ್ಮಿಗೆ ಇಷ್ಟು ಔಷಧ.

ಶೆಟ್ಟೆವ್ವ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು. "ನಮ್ಮ ಬಾಜೂ ಮನಿಯಾಕಿಗಿ ಒಂದ್ ತಾಸ ನೋಡಿದ್ರಂತ. ನಂದು ಇಷ್ಟ ಲಗೂ ನೋಡ್ಯಾರಂದ್ರ ಖರೇನ ನೋಡ್ಯಾರೋ ಇಲ್ಲೋ?"

ನೋಡಿದ್ದಾರೆ ಎಂದು ಸೋಮಲಿಂಗ ಆಣೆ ಮಾಡಿ ಹೇಳಬೇಕಾಯಿತು.

ದಾನೇಶ್ವರಿ ಟೈಪು ಮಾಡಿದ ರಿಪೋರ್ಟನ್ನು ಮಗುಚಿ, ಅದರ ಹಿಂಬದಿಗೆ ಪೆನ್ನಿನಿಂದ ಬರೆದಳು: 'ಲೈನು ಚೆನ್ನಾಗಿದೆ. ಒಂದು ತುದಿಯಲ್ಲಿ ವೇಗ ಕೈಯಿಂದ ಬಿಗಿದಿತ್ತು, ಇನ್ನೊಂದು ತುದಿ ಆಟೋ ಇತ್ತು. ಗುರುವಾರ ಮಧ್ಯಾಹ್ನ ಲೈನಿನವರು ತಮ್ಮ ತುದಿಯನ್ನು ಸರಿಪಡಿಸಿದರು. ಅದೇ ದಿನ ನಾನು ನನ್ನ ತುದಿಯನ್ನು ನೋಡದೆ ಕೆಡಿಸಿದೆ. ಈಗ ಎರಡೂ ಆಟೋ ಇವೆ. ಫೋಟೋ ನಾಲ್ಕು ಸೆಕೆಂಡಿಗೆ ಮುಟ್ಟುತ್ತಿದೆ.' ಸಹಿ ಮಾಡಿ ಸತ್ಯಪ್ಪನ ಕೈಗೆ ಕೊಟ್ಟಳು.

ಅವನು ಕನ್ನಡಕ ಏರಿಸಿ ಓದಿದ. ಒಂದು ಕಡೆ ಬೆರಳು ನಿಂತಿತು. "ಈ 'ನೋಡದೆ' ಅನ್ನೂದು ತಗಿ. ಮ್ಯಾನೇಜರು ಓದತಾರ."

"ಇರಲಿ ಕಾಕಾ."

"ತಗಿ ಅಂದ್ರ."

"ಕಾಕಾ, ಕೈ ತಗೀರಿ," ಎಂದಳು. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ.

ಲಕ್ಷ್ಮಣರು ಅದನ್ನು ಫೋನಿನಲ್ಲಿ ಓದಿಸಿಕೊಂಡು ಕೇಳಿದರು. "ಹಂಗಾದ್ರ ಹುಕ್ಕೇರಿಯವರು ಏನ್ ಮಾಡಿದ್ರು?" ಎಂದರು.

"ಏನೂ ಮಾಡಿಲ್ಲರಿ ಸರ್."

"ಮತ್ತ ಅದ್ಹೆಂಗ ಸರಿ ಇತ್ತು?"

"ಏನೂ ಮಾಡಲಾರದ್ದಕ್ಕ ಸರಿ ಇತ್ತರಿ."

ಲೈನು ಬದಲಿಸುವ ಮಾತು ಕಮಿಟಿಗೆ ಹೋಗಲಿಲ್ಲ. ಹುಕ್ಕೇರಿಯ ಹೊಗಳಿಕೆ ಮಾತ್ರ ನಿಲ್ಲಲು ಇನ್ನೂ ಕೆಲವು ದಿನ ಹಿಡಿಯಿತು.

ಗೌರಕ್ಕ ಹೋಳಿಗೆ ಕಟ್ಟಿಟ್ಟಿದ್ದಾಳೆ, ಮನೆಗೆ ಬಂದೇ ಹೋಗಬೇಕು ಎಂದಾಗಿತ್ತು. ಹೊರಡುವ ಮುನ್ನ ಸತ್ಯಪ್ಪ ಪೆಟ್ಟಿಗೆಯ ಮುಂದೆ ನಿಂತು ನೀಲಿ ಕೇಬಲ್ಲಿನ ಚೀಟಿಯನ್ನು ಕೈಗೆ ತೆಗೆದುಕೊಂಡ. ಪೋರ್ಟು ಬಿಗಿದಿಲ್ಲವಾದ್ದರಿಂದ '೧೦೦ ಫುಲ್' ಈಗ ಸುಳ್ಳಾಗಿತ್ತು. ಬ್ಲೇಡಿನಿಂದ ಕೆರೆದು ಒರೆಸಿದ. ಪೆನ್ನು ತೆಗೆದ. ಬರೆಯಲಿಲ್ಲ.

"ಆಟೋ ಅಂತ ಬರೀರಿ ಕಾಕಾ."

"ಆಟೋ ಅಂದ್ರ ಎಷ್ಟು? ಚೀಟಿ ಕಟ್ಟೂದು ಯಾಕ? ನಾಳೆ ಬಂದಾಂವಗ ತಿಳೀಲಿ ಅಂತ."

"ಎಷ್ಟು ಅಂತ ಅವ ಕೇಳಕೊಂಡ ಗೊತ್ತ ಮಾಡಿಕೋತಾವ."

"ಅವು ಕೇಳಕೋತಾವ," ಎಂದ ಸತ್ಯಪ್ಪ. "ಬಂದಾಂವ ಯಾರನ್ನ ಕೇಳಬೇಕು?"

ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು, ಕೆಳತುಟಿ ಕಚ್ಚಿಕೊಂಡು, ಮಿಲ್ಲಿ​ನ ತಗಡಿನ ಮೇಲೆ ಬರೆಯುತ್ತಿದ್ದವರ ಹಾಗೆ ಒಂದೊಂದೇ ಅಂಕಿಯನ್ನು ಬಿಡಿಬಿಡಿಯಾಗಿ ಬರೆಯತೊಡಗಿದ. ಅದು ದಾನೇಶ್ವರಿಯ ಫೋನ್ ನಂಬರು. ಹತ್ತು ಅಂಕಿ ಒಂದೇ ಬದಿಗೆ ಹಿಡಿಯಲಿಲ್ಲ. ಕೊನೆಯ ನಾಲ್ಕು ಹಿಂದಿನ ಬದಿಗೆ ಹೋದವು.